‘ತುಕ್ಕು ನಿರೋಧಕ’ ಗೋಧಿ: ಒಂದು ಪದದ ವಿಮರ್ಶೆ

ಗೋಧಿಯ ತುಕ್ಕುರೋಗವನ್ನು ಬೋಧಿಸುವಾಗ ತಳಿಗಳ ಹೆಸರುಗಳನ್ನು ಪಟ್ಟಿಮಾಡಿ, ಒಂದೊಂದರ ಎದುರಿಗೂ ‘ನಿರೋಧಕ’ ಅಥವಾ ‘ರೋಗಕ್ಕೆ ಈಡಾಗುವಂಥದು’ ಎಂದು ಬರೆಯುವ ಪದ್ಧತಿಯುಂಟು. ಕಾಳಿನ ಬಣ್ಣ, ತೆನೆಯ ಆಕಾರಗಳಂತೆ ನಿರೋಧವೂ ತಳಿಯ ಸ್ಥಿರಗುಣವೆಂದು ವಿದ್ಯಾರ್ಥಿಯು ಅದರಿಂದ ಗ್ರಹಿಸುತ್ತಾನೆ. ನೂರು ವರ್ಷಗಳಿಗೂ ಮೀರಿದ ಅನುಭವವು ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ. ‘ನಿರೋಧಕ’ ಎಂಬ ಪದವನ್ನು ನಾವು ಯಾವ ಅರ್ಥದಲ್ಲಿ ಬಳಸಬೇಕೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಗ್ರಹಿಕೆ ತೀರ ನಿರಾಧಾರವಾದುದೇನೂ ಅಲ್ಲ. 1905ರಲ್ಲಿ ಕೇಂಬ್ರಿಜ್‌ನ ರೋಲಂಡ್ ಬಿಫೆನ್ ಅವರು, ಹಳದಿ ತುಕ್ಕಿಗೆ ಗೋಧಿಯು ತೋರುವ ನಿರೋಧವು ಮೆಂಡಲನ ನಿಯಮಕ್ಕನುಸಾರವಾಗಿ ಸಂತತಿಗೆ ಇಳಿಯುವುದೆಂದು ತೋರಿಸಿಕೊಟ್ಟರು. ತಳಿ ಸಂವರ್ಧನೆಗೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದ ಕೀರ್ತಿ ಆ ಪ್ರಯೋಗಕ್ಕೆ ಸಲ್ಲತಕ್ಕದ್ದು. ಆದರೆ ಅದು ಪರೀಕ್ಷಿಸಿದ್ದು ಸಸ್ಯದ ಪಕ್ಷವನ್ನು ಮಾತ್ರ. ಶಿಲೀಂಧ್ರದ ಪಕ್ಷವನ್ನು ಪರೀಕ್ಷಿಸಿದವರು ಮಿನೆಸೋಟದ ಇ. ಸಿ. ಸ್ಟಾಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು. ನೋಟಕ್ಕೆ ಒಂದೇ ಆಗಿದ್ದರೂ ಸೋಂಕಿಸುವ ಶಕ್ತಿಯಲ್ಲಿ ಭಿನ್ನವಾದ ಅನೇಕ ಪ್ರಭೇದಗಳು ಕಪ್ಪು ತುಕ್ಕಿನಲ್ಲಿವೆಯೆಂದು ಅವರು ಸ್ಥಾಪಿಸಿದರು. ಅವುಗಳನ್ನು ಗುರುತಿಸಲು ಅವರು ಆರಿಸಿಕೊಂಡ 12 ಗೋಧಿಗಳಲ್ಲಿ ಭಾರತದ ‘ಖಪ್ಲಿ’ಯೂ ಒಂದು, ಉತ್ತರ ಕರ್ನಾಟಕದವರು ಜವೆಗೋಧಿ, ಸದಕ ಎಂದು ಕರೆಯುವ ಜಾತಿಗೆ ಸೇರಿದ್ದು ಅದು. ಮುಂದೆ 1940ರ ದಶಕದಲ್ಲಿ ಎಚ್. ಎಚ್. ಫ್ಲಾರ್ ಅವರು ಅಗಸೆಯ ತುಕ್ಕನ್ನು ಅಭ್ಯಸಿಸಿ, ಸಸ್ಯದ ಒಂದೊಂದು ನಿರೋಧಕ ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಪ್ರತಿಯಾದ ಒಂದು ವಂಶವಾಹಿ ಉಂಟೆಂಬ ತತ್ತ್ವವನ್ನು ಮುಂದಿಟ್ಟರು. ಶಿಲೀಂಧ್ರದಲ್ಲಿ ಅದು ಮಾರ್ಪಟ್ಟರೆ, ಸಸ್ಯವು ತನ್ನ ಶತ್ರುವನ್ನು ಗುರುತಿಸಲಾರದು. ಅಂದಮೇಲೆ ನಿರೋಧವೆಂಬುದು ಗೋಧಿಯೊಂದರ ಸೊತ್ತಲ್ಲ, ಎರಡು ಜೀವಿಗಳ ನಡುವಣ ಸಂಬಂಧ.

ಈ ಸಂಬಂಧವು ಮುರಿದುಬಿದ್ದ ನಿದರ್ಶನಗಳು ಹಲವು. ಉತ್ತರ ಅಮೆರಿಕದಲ್ಲಿ 15ಬಿ ಎಂಬ ಪ್ರಭೇದವು 1950ರಲ್ಲಿ ವ್ಯಾಪಕವಾಗಿ ಹರಡಿತು. 1953-54ರಲ್ಲಿ ಡ್ಯೂರಂ ಗೋಧಿಯ ಬೆಳೆಯನ್ನು ಹಾಳುಗೆಡವಿತು. ನಮ್ಮಲ್ಲಿ 1960ರ ದಶಕದ ಹಸಿರು ಕ್ರಾಂತಿಯೊಡನೆ ಹೆಸರಾದ ಕಲ್ಯಾಣ್ ಸೋನಾ 1970ರ ದಶಕದಲ್ಲಿಯೇ ತುಕ್ಕಿಗೆ ಸೋತಿತು. 1990ರ ದಶಕದ ಮಧ್ಯಭಾಗದಲ್ಲಿ ಬಿಡುಗಡೆಯಾದ ಪಿಬಿಡಬ್ಲ್ಯು 343 ವಾಯವ್ಯ ಭಾರತದ ಹಲವು ದಶಲಕ್ಷ ಹೆಕ್ಟೇರುಗಳನ್ನು ಆವರಿಸಿ, ಬಳಿಕ ಹಳದಿ ತುಕ್ಕಿನ ಹೊಸ ಪ್ರಭೇದಕ್ಕೆ ತುತ್ತಾಯಿತು. ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್ 31 ಎಂಬ ವಂಶವಾಹಿ ಅನೇಕ ದೇಶಗಳಲ್ಲಿ ಕಪ್ಪು ತುಕ್ಕನ್ನು ದಶಕಗಳ ಕಾಲ ತಡೆಯಿತು. ಅದನ್ನೂ ಮೀರಿದ ಯುಜಿ 99 ಪ್ರಭೇದವು 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡಿತು. ತಳಿಯು ಜನಪ್ರಿಯವಾದಷ್ಟೂ ಅದನ್ನು ಮುರಿಯಬಲ್ಲ ಪ್ರಭೇದಕ್ಕೆ ಮೇವು ಹೆಚ್ಚುತ್ತದೆ. ಯಶಸ್ಸೇ ಇಲ್ಲಿ ಸೋಲಿಗೆ ಎಡೆಮಾಡಿಕೊಡುತ್ತದೆ.

ಹಾಗಾದರೆ ಬಾಳಿಕೆಯ ನಿರೋಧವೇ ಇಲ್ಲವೆ? ಇದೆ, ಆದರೆ ಅದರ ಸ್ವರೂಪ ಬೇರೆ. ದಕ್ಷಿಣ ಡಕೋಟದ ಇ. ಎಸ್. ಮೆಕ್‌ಫ್ಯಾಡನ್ ಅವರು ಜವೆಗೋಧಿಯ ಬಳಗಕ್ಕೇ ಸೇರಿದ ಯಾರೊಸ್ಲಾವ್ ಎಂಬುದನ್ನು ಮಾರ್ಕ್ವಿಸ್ ಗೋಧಿಯೊಡನೆ ಸಂಕರಿಸಿ, 1920ರ ದಶಕದಲ್ಲಿ ‘ಹೋಪ್’ ತಳಿಯನ್ನು ಹೊರತಂದರು. ಅದರ ಎಸ್‌ಆರ್ 2 ವಂಶವಾಹಿ ಇಂದಿಗೂ ಉಪಯುಕ್ತವಾಗಿಯೇ ಉಳಿದಿದೆ. ಎಲ್‌ಆರ್ 34 ಎಂಬ ಇನ್ನೊಂದು ವಂಶವಾಹಿಯು ಮೂರು ತುಕ್ಕುಗಳ ವೇಗವನ್ನೂ ತಗ್ಗಿಸುತ್ತದೆ. ಇವೆರಡೂ ರೋಗವನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಬೆಳೆದ ಗಿಡದಲ್ಲಿ ಅದನ್ನು ನಿಧಾನಗೊಳಿಸುತ್ತವೆ. ಎಳೆಸಸಿಯ ಪರೀಕ್ಷೆಯಲ್ಲಿ ಇವು ಕಾಣುವುದೇ ಕಷ್ಟ. ಕಲೆಯಿಲ್ಲದ ಎಲೆಯನ್ನೇ ಒರೆಗಲ್ಲಾಗಿ ಮಾಡಿಕೊಂಡ ಸಂವರ್ಧಕನು, ಬಹುಕಾಲ ಬಾಳುವ ಸಸಿಯನ್ನು ಕಿತ್ತೆಸೆದು ಅಲ್ಪಾಯುವಾದುದನ್ನು ಉಳಿಸಿಕೊಂಡಾನು.

ಪ್ರತಿಪಕ್ಷದ ವಾದವನ್ನೂ ಅಲ್ಲಗಳೆಯುವಂತಿಲ್ಲ. ನಿಧಾನಗೊಳಿಸುವ ವಂಶವಾಹಿ ಒಂದೇ ಇದ್ದರೆ ರೋಗದ ಹಾವಳಿ ಬಲವಾದಾಗ ಸಾಲದು. ನಾಲ್ಕೈದು ಕೂಡಿದಾಗಲೇ ಪರಿಪೂರ್ಣ ರಕ್ಷಣೆಗೆ ಹತ್ತಿರವಾದ ಫಲ ದೊರೆಯುತ್ತದೆ. ಅವನ್ನು ಒಂದೆಡೆ ಸೇರಿಸುವುದು ದೀರ್ಘಕಾಲದ ಶ್ರಮ. ಬೆಳೆ ಕಳೆದುಕೊಳ್ಳುವ ರೈತನು ಅಷ್ಟು ಕಾಲ ಕಾಯಲಾರನು. ಒಂಟಿ ವಂಶವಾಹಿಯ ತಳಿಗಳು ಗಳಿಸಿಕೊಟ್ಟ ವರ್ಷಗಳಲ್ಲಿ ಕೋಟ್ಯಂತರ ಜನರು ಉಂಡಿದ್ದಾರೆ. ಆದುದರಿಂದ ಆಕ್ಷೇಪಣೆ ಆ ತಳಿಗಳ ಮೇಲಲ್ಲ, ಅವನ್ನು ಶಾಶ್ವತವೆಂದು ಬಗೆದ ನಂಬಿಕೆಯ ಮೇಲೆ.

ಸ್ಥಳದ ವಿಚಾರವೂ ಇದರಲ್ಲಿ ಅಡಕವಾಗಿದೆ. ಬಯಲುಸೀಮೆಯ ಬೇಸಗೆಯನ್ನು ತುಕ್ಕು ತಾಳಲಾರದೆಂದೂ, ಬೆಟ್ಟಗಳ ತಂಪಿನಲ್ಲಿ ಉಳಿದು ಮತ್ತೆ ಕೆಳಗಿಳಿಯುವುದೆಂದೂ ಆಗ್ರಾದ ಕೆ. ಸಿ. ಮೆಹ್ತಾ ಅವರು ತಮ್ಮ ದೀರ್ಘ ಅಧ್ಯಯನದಿಂದ ತೋರಿಸಿದರು. ದಕ್ಷಿಣದಲ್ಲಿ ಕಪ್ಪು ತುಕ್ಕಿನ ನೆಲೆ ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಅಲ್ಲಿಂದ ಹೊರಟ ಬೀಜಕಗಳು ಗಾಳಿಮಳೆಗಳೊಡನೆ ಉತ್ತರಾಭಿಮುಖವಾಗಿ ಸಾಗುತ್ತವೆ. ಬೆಟ್ಟದಲ್ಲಿಯೂ ಬಯಲಿನಲ್ಲಿಯೂ ಒಂದೇ ವಂಶವಾಹಿಯನ್ನು ಬಿತ್ತಿದರೆ, ಬೆಟ್ಟದಲ್ಲಿ ಗೆದ್ದ ಪ್ರಭೇದಕ್ಕೆ ಧಾರವಾಡ, ವಿಜಯಪುರಗಳ ಹೊಲಗಳು ತೆರೆದ ಬಾಗಿಲಾಗುತ್ತವೆ.

‘ನಿರೋಧಕ’ ಎಂಬ ಪದವನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಆ ಪದವನ್ನು ಬರೆಯುವಲ್ಲೆಲ್ಲ ಯಾವ ಪ್ರಭೇದಕ್ಕೆ, ಯಾವ ವರ್ಷದಲ್ಲಿ, ಯಾವ ಪ್ರದೇಶದಲ್ಲಿ, ಗಿಡದ ಯಾವ ವಯಸ್ಸಿನಲ್ಲಿ ಎಂಬ ನಾಲ್ಕು ವಿವರಗಳನ್ನೂ ಕೂಡಿಸಿ ಬರೆಯುವುದು ಯುಕ್ತ. ಅಧ್ಯಾಪಕರು ಇಷ್ಟನ್ನು ರೂಢಿಗೆ ತಂದರೆ, ತಳಿಗಳ ಪಟ್ಟಿಯು ಕಂಠಪಾಠದ ವಸ್ತುವಾಗದೆ ವಿಚಾರದ ವಸ್ತುವಾದೀತು.