ಕರ್ನೆಲ್‌ಗೆ ಎಷ್ಟು ತೂಬು ಬೇಕು?

ಶಿಕಾರಿಪುರ, ಸೊರಬ ಕಡೆಯ ಓದುಗರಿಗೆ ಕೆರೆಯ ತೂಬನ್ನು ಪರಿಚಯಿಸಬೇಕಿಲ್ಲ. ಕೆರೆ ತುಂಬಿದೆಯೆಂದು ಏರಿಯನ್ನು ಬೇಕಾದಲ್ಲಿ ಕಡಿಯುವಂತಿಲ್ಲ. ನೀರು ತೂಬಿನಿಂದಲೇ ಗದ್ದೆಗೆ ಬರಬೇಕು. ಲಿನಕ್ಸ್ ಕರ್ನೆಲ್‌ಗೆ ಮಾಡ್ಯೂಲ್ ಬರೆಯುವವರಿಗೂ ಇಂಥದೇ ಕಟ್ಟುಪಾಡಿದೆ. ಕರ್ನೆಲ್‌ನಲ್ಲಿರುವ ಸಾವಿರಾರು ಫಂಕ್ಷನ್‌ಗಳಲ್ಲಿ ಎಕ್ಸ್‌ಪೋರ್ಟ್_ಸಿಂಬಲ್ ಎಂದು ಘೋಷಿಸಿದವನ್ನಷ್ಟೇ ಮಾಡ್ಯೂಲ್ ಹೆಸರು ಹಿಡಿದು ಕರೆಯಬಹುದು. ಉಳಿದವನ್ನು ಕರೆದರೆ ಲೋಡ್ ಆಗುವಾಗ ‘ಅನ್‌ನೋನ್ ಸಿಂಬಲ್’ ಎಂಬ ದೂರು ಬರುತ್ತದೆ.

ಮೊದಲು ಹೀಗಿರಲಿಲ್ಲ. 2.4ರ ಕಾಲದಲ್ಲಿ ಮಾಡ್ಯೂಲಿನ ಸ್ಟ್ಯಾಟಿಕ್ ಅಲ್ಲದ ಹೆಸರುಗಳೆಲ್ಲ, ಬೇಡವೆಂದು ಹೇಳದಿದ್ದರೆ, ತಾವಾಗಿಯೇ ಹೊರಗೆ ಕಾಣುತ್ತಿದ್ದವು. 2003ರ ಡಿಸೆಂಬರಿನಲ್ಲಿ ಬಂದ 2.6 ಈ ಪದ್ಧತಿಯನ್ನು ತಿರುಗಿಸಿತು: ಬೇಕೆಂದು ಹೇಳಿದ್ದು ಮಾತ್ರ ಹೊರಗೆ. ಇದು ಸರಿಯಾದ ಬದಲಾವಣೆ ಎಂಬುದರಲ್ಲಿ ಅನುಮಾನವಿಲ್ಲ.

ಲೈಬ್ರರಿ ಬರೆದು ರೂಢಿಯಾದವರು ಮಾತ್ರ ಇಲ್ಲಿ ತಡವರಿಸುತ್ತಾರೆ. ಜಿಸಿಸಿ 4.0ರೊಂದಿಗೆ 2005ರಲ್ಲಿ ಬಂದ ‘ವಿಸಿಬಿಲಿಟಿ’ ಆಯ್ಕೆಯಿಂದ ಮಾಡ್ಯೂಲಿನ ಹೆಸರುಗಳನ್ನು ಮರೆಮಾಡಲು ಹೊರಡುತ್ತಾರೆ. ಕರ್ನೆಲ್‌ನ ಲೋಡರ್ ಆ ಗುರುತನ್ನು ಕೇಳುವುದೇ ಇಲ್ಲ. ಅದು ನೋಡುವುದು ಎಕ್ಸ್‌ಪೋರ್ಟ್ ಪಟ್ಟಿಯನ್ನು. ಹಾಗೆಂದು ಸ್ಟ್ಯಾಟಿಕ್ ಪದವನ್ನು ಮರೆಯಬೇಡಿ. ಎರಡು ಡ್ರೈವರ್‌ಗಳಲ್ಲಿ ‘ರೀಸೆಟ್’ ಎಂಬ ಒಂದೇ ಹೆಸರಿನ ಫಂಕ್ಷನ್ ಇದೆಯೆನ್ನಿ. ಬೇರೆ ಬೇರೆ ಮಾಡ್ಯೂಲ್‌ಗಳಾಗಿರುವಾಗ ತಕರಾರಿಲ್ಲ. ಎರಡನ್ನೂ ಕರ್ನೆಲ್‌ನೊಳಗೇ ಸೇರಿಸಿ ಕಟ್ಟಿದ ದಿನ ಲಿಂಕರ್ ಕೈಚೆಲ್ಲುತ್ತದೆ.

ನನ್ನ ಆಕ್ಷೇಪ ಬೇರೆಡೆ ಇದೆ. ಎಕ್ಸ್‌ಪೋರ್ಟ್_ಸಿಂಬಲ್_ಜಿಪಿಎಲ್ ಎಂಬ ಇನ್ನೊಂದು ಬಗೆಯ ತೂಬುಂಟು. ಜಿಪಿಎಲ್‌ಗೆ ಹೊಂದುವ ಪರವಾನಗಿಯನ್ನು ಘೋಷಿಸಿದ ಮಾಡ್ಯೂಲ್‌ಗಳಿಗೆ ಮಾತ್ರ ಅದು ತೆರೆಯುತ್ತದೆ. ‘ಇದು ನಮ್ಮ ಒಳಗಿನ ವ್ಯವಹಾರ, ನಾಳೆ ಬದಲಾಗಬಹುದು’ ಎಂಬ ತಾಂತ್ರಿಕ ಮಾತೂ ‘ನಿಮ್ಮ ಪರವಾನಗಿ ನಮಗೆ ಒಗ್ಗದು’ ಎಂಬ ಕಾನೂನಿನ ಮಾತೂ ಇಲ್ಲಿ ಒಂದೇ ಗುರುತಿನಲ್ಲಿ ಬೆರೆತಿವೆ. ಪರಿಣಾಮ 2019ರಲ್ಲಿ ಕಂಡಿತು. ಪ್ರೊಸೆಸರಿನ ವೆಕ್ಟರ್ ರಿಜಿಸ್ಟರುಗಳನ್ನು ಬಳಸಲು ಮಾಡ್ಯೂಲ್‌ಗಳಿಗಿದ್ದ ಸಾಮಾನ್ಯ ಎಕ್ಸ್‌ಪೋರ್ಟ್ 5.0ರಲ್ಲಿ ಹೋಯಿತು, ಉಳಿದದ್ದು ಜಿಪಿಎಲ್ ಗುರುತಿನದು. ಸಿಡಿಡಿಎಲ್ ಪರವಾನಗಿಯ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ, ಚೆಕ್‌ಸಮ್ ಲೆಕ್ಕಕ್ಕೆ ನೆಚ್ಚಿದ್ದ ವೇಗದ ದಾರಿಯನ್ನು ಕಳೆದುಕೊಂಡು ಬೇರೆ ಉಪಾಯ ಹುಡುಕಬೇಕಾಯಿತು. ಮರದಾಚೆಗಿನ ಮಾಡ್ಯೂಲ್‌ಗಳಿಗೆ ಕರ್ನೆಲ್ ಮಾತು ಕೊಟ್ಟಿಲ್ಲವೆಂಬುದು ನಿಜ. ಆದರೂ ಅಲ್ಲಿ ತೊಂದರೆಗೊಳಗಾದವರು ತಮ್ಮ ದತ್ತಾಂಶವನ್ನು ಅದರಲ್ಲಿಟ್ಟಿದ್ದ ಸಾಮಾನ್ಯ ಬಳಕೆದಾರರು.

ಇದನ್ನು ಸುರಕ್ಷತೆಯೆಂದು ಸಮರ್ಥಿಸುವವರೂ ಇದ್ದಾರೆ. ಯಾವ ಹೆಸರಿನ ವಿಳಾಸವನ್ನಾದರೂ ಹುಡುಕಿಕೊಡುತ್ತಿದ್ದ ಕಾಲ್‌ಸಿಮ್ಸ್_ಲುಕಪ್_ನೇಮ್ ಫಂಕ್ಷನ್ನಿನ ಎಕ್ಸ್‌ಪೋರ್ಟನ್ನು 2020ರ 5.7ರಲ್ಲಿ ತೆಗೆದರು. ಕಳ್ಳದಾರಿ ಮುಚ್ಚಿದ್ದು ಒಳ್ಳೆಯದೇ. ಆದರೆ ಕೆಪ್ರೋಬ್ ಸೌಲಭ್ಯದಿಂದ ಅದೇ ವಿಳಾಸ ಪಡೆಯುವ ಉಪಾಯ ಬೇಗನೆ ಹರಡಿತು. ಏರಿ ಕಡಿಯುವವನಿಗೆ ಗುದ್ದಲಿ ಇನ್ನೊಂದು ಮನೆಯಲ್ಲಿ ಸಿಕ್ಕಂತೆ! ಒಮ್ಮೆ ಒಳಹೊಕ್ಕ ಮಾಡ್ಯೂಲ್ ಕರ್ನೆಲ್‌ನ ಪೂರ್ಣ ಅಧಿಕಾರದಿಂದಲೇ ಓಡುತ್ತದೆ, ಹೆಸರು ಅಡಗಿಸಿದರೆ ಅದನ್ನು ತಡೆದಂತಾಗುವುದಿಲ್ಲ.

ಇವೆಲ್ಲಕ್ಕಿಂತ ಪ್ರಾಮಾಣಿಕವಾಗಿ ಕಾಣುವುದು 2019ರ 5.4ರಲ್ಲಿ ಬಂದ ಸಿಂಬಲ್ ನೇಮ್‌ಸ್ಪೇಸ್. ಒಂದು ಉಪವ್ಯವಸ್ಥೆಯ ಹೆಸರುಗಳನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಬಳಸುವ ಮಾಡ್ಯೂಲ್ ಆ ಗುಂಪನ್ನು ಹೆಸರಿಸಿ ಕೇಳಬೇಕು. ಕೇಳಿದವರಿಗೆಲ್ಲ ಸಿಗುತ್ತದೆ, ಬೀಗವೇನಿಲ್ಲ. ಆದರೆ ಯಾರು ಯಾವ ಕಾಲುವೆಯ ನೀರು ಬಳಸುತ್ತಿದ್ದಾರೆಂಬುದು ಮೂಲ ಸಂಕೇತದಲ್ಲೇ ಬರೆದಿರುತ್ತದೆ. ಮುಂದೆ ತೂಬು ಮುಚ್ಚುವ ಮೊದಲು ಯಾರನ್ನು ಕೇಳಬೇಕೆಂದು ತಿಳಿಯಲು ಅಷ್ಟು ಸಾಕು.