ತಿರುವಿನ ನಡುವಿನ ಗುಂಡಿ: ಸಸ್ಪೆನ್ಶನ್ ರಸಿಕರಿಗೊಂದು ಕೈಪಿಡಿ

ಸಸ್ಪೆನ್ಶನ್ ಬದಲಿಸಿದ ಕಾರು ಕಂಡರೆ ನಮ್ಮ ಹುಡುಗರು ಮೊದಲು ಮಾಡುವ ಕೆಲಸವೆಂದರೆ ಟೈರಿನ ನೆತ್ತಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಬೆರಳು ತೂರಿಸಿ ಅಳೆಯುವುದು. ಎರಡು ಬೆರಳು ಹಿಡಿಸಿದರೆ ಮೆಚ್ಚುಗೆ, ನಾಲ್ಕು ಹಿಡಿಸಿದರೆ ಮರುಕ. ಈ ಅಳತೆಯಲ್ಲಿ ಕಾರಿನ ನೋಟ ಸಿಗುತ್ತದೆ, ನಡೆ ಸಿಗುವುದಿಲ್ಲ. ನಡೆ ತಿಳಿಯಬೇಕಾದರೆ ಕಾರು ತಿರುವಿನಲ್ಲಿ ವಾಲಿಕೊಂಡಿರುವಾಗಲೇ ಅದರ ಹೊರಬದಿಯ ಚಕ್ರ ಒಂದು ಗುಂಡಿಗೆ ಬೀಳಬೇಕು. ಆ ಕ್ಷಣದಲ್ಲಿ ಸ್ಟಿಯರಿಂಗ್ ಅಲುಗದೆ, ಕಾರು ಹಿಡಿದ ಗೆರೆ ಬಿಡದೆ ಮುಂದೆ ಹೋಯಿತೇ? ಹಾಗಾದರೆ ಹಣ ಸರಿಯಾದ ಕಡೆ ಹೋಗಿದೆ.

ಈ ಪರೀಕ್ಷೆಗೆ ನಮ್ಮ ಪಶ್ಚಿಮ ಘಟ್ಟ ಹೇಳಿ ಮಾಡಿಸಿದ ಜಾಗ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ದಾರಿ, ಆಗುಂಬೆಯಿಂದ ಸೋಮೇಶ್ವರಕ್ಕೆ ಸುತ್ತಿ ಸುತ್ತಿ ಇಳಿಯುವ ಹೇರ್‌ಪಿನ್‌ಗಳು, ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿಯ 36 ತಿರುವುಗಳು. ಇಲ್ಲಿ ಡಾಂಬರು ಎಲ್ಲೂ ಒಂದೇ ಸಮ ಇರುವುದಿಲ್ಲ. ಮಳೆಗಾಲ ಕಿತ್ತುಹಾಕಿದ್ದಕ್ಕೆ ತೇಪೆ, ತೇಪೆಯ ಪಕ್ಕದಲ್ಲೊಂದು ತಗ್ಗು, ಒಳ ಅಂಚಿನಲ್ಲಿ ಮರಳು. ಯುರೋಪಿನ ನುಣ್ಣನೆಯ ರಸ್ತೆಯಲ್ಲಿ ಹೊಗಳಿಸಿಕೊಂಡು ಬಂದ ಸ್ಪ್ರಿಂಗ್ ಸೆಟ್ ಇಲ್ಲಿ ಅರ್ಧ ಘಾಟಿ ಇಳಿಯುವುದರೊಳಗೆ ಸೋಲುವುದುಂಟು.

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇರಲಿ. 2013ರಲ್ಲಿ ಭಾರತಕ್ಕೆ ಬಂದಾಗ 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಏಳು ಗಿಯರಿನ ಡಿಎಸ್‌ಜಿ. 2022ರಲ್ಲಿ ನಮ್ಮಲ್ಲಿ ಪೋಲೊ ತಯಾರಿಕೆ ನಿಂತರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದರ ಮೋಹ ಇಳಿದಿಲ್ಲ. ಕೊಂಡವರಲ್ಲಿ ಅನೇಕರು ಮೊದಲು ಕೈ ಹಾಕುವುದೇ ಸಸ್ಪೆನ್ಶನ್‌ಗೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಶನ್ ಬೀಮ್, ಮೂಗಿನ ಮೇಲೆ ಭಾರ, ಎಳೆಯುವುದು ಮುಂದಿನ ಚಕ್ರಗಳು. ನಮ್ಮಲ್ಲಿ ಓಡುವ ಹ್ಯಾಚ್‌ಬ್ಯಾಕುಗಳಲ್ಲಿ ಬಹುಪಾಲಿನ ಜಾತಕ ಇದೇ ಆದ್ದರಿಂದ, ಪೋಲೊಗೆ ಹೇಳಿದ್ದು ಸ್ವಿಫ್ಟ್‌ಗೂ ಹೆಚ್ಚುಕಡಿಮೆ ಸಲ್ಲುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಇರುವ ಕಾರನ್ನೇ ಓದಲು ಕಲಿಯಬೇಕು. ಗೆಳೆಯನಿಗೆ ಓಡಿಸಲು ಕೊಟ್ಟು ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳಿ. ಕೈಗೆ ಕೆಲಸವಿಲ್ಲದಾಗ ಬೆನ್ನು ಚುರುಕಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂಗು ಒಳಕ್ಕೆ ಬಂತೇ, ಅಥವಾ ಮೊದಲು ವಾಲಿ, ಯೋಚಿಸಿ, ಆಮೇಲೆ ತಿರುಗಿತೇ? ವಾಲುವಿಕೆ ಒಂದೇ ಹದದಲ್ಲಿ ಬಂದು ನಿಂತಿತೇ, ಧೊಪ್ಪನೆ ಬಿತ್ತೇ? ತಿರುವಿನ ನಡುವೆ ಸ್ಟಿಯರಿಂಗನ್ನು ಮತ್ತೆ ಮತ್ತೆ ತಿದ್ದಬೇಕಾಯಿತೇ? ಉಬ್ಬು ದಾಟಿದ ಮೇಲೆ ಕಾರಿನ ಮೈ ಒಂದು ಸಲ ಏರಿ ಇಳಿದು ಸುಮ್ಮನಾಯಿತೇ, ಎರಡು ಮೂರು ಸಲ ತೂಗಾಡಿತೇ? ಇಷ್ಟು ತಿಳಿಯಲು ವೇಗ ಬೇಕಿಲ್ಲ; ಗಂಟೆಗೆ 40 ಕಿ.ಮೀ. ಧಾರಾಳ ಸಾಕು. ಫೋರ್ಡ್ ಕಂಪನಿಯ ಎಂಜಿನಿಯರ್ ರಿಚರ್ಡ್ ಪ್ಯಾರಿ-ಜೋನ್ಸ್, 1998ರ ಫೋಕಸ್ ಕಾರಿಗೆ ಆ ಹೆಸರಾಂತ ನಡೆ ಕೊಟ್ಟವರು, ಮೊದಲ 50 ಮೀಟರಿನಲ್ಲೇ ಕಾರಿನ ಗುಣ ಹೇಳಬಹುದು ಎನ್ನುತ್ತಿದ್ದರು. ನಮಗೆ 50 ಕಿಲೋಮೀಟರ್ ಬೇಕಾದರೂ ನಾಚಿಕೆಯಿಲ್ಲ.

ಈಗ ಸ್ವಲ್ಪ ಲೆಕ್ಕ; ಇದೊಂದು ಅರ್ಥವಾದರೆ ಅಂಗಡಿಯವರ ಅರ್ಧ ಮಾತು ತಾನಾಗಿ ಉದುರಿಹೋಗುತ್ತದೆ. 25 ಮೀಟರ್ ತ್ರಿಜ್ಯದ ತಿರುವನ್ನು 40 ಕಿ.ಮೀ. ವೇಗದಲ್ಲಿ ತೆಗೆದುಕೊಂಡಾಗ ಕಾರನ್ನು ಹೊರಕ್ಕೆ ಎಳೆದಂತೆ ಅನಿಸುವ ಬಲ ಅದರ ತೂಕದ ಅರ್ಧದಷ್ಟು. ಕಾರಿನ ತೂಕ 1,100 ಕೆ.ಜಿ., ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರ, ಎಡಬಲ ಚಕ್ರಗಳ ನಡುವೆ 146 ಸೆಂ.ಮೀ. ಎಂದಿಟ್ಟುಕೊಳ್ಳಿ. ಆಗ ಒಳಬದಿಯ ಚಕ್ರಗಳಿಂದ ಹೊರಬದಿಗೆ ಸುಮಾರು 200 ಕೆ.ಜಿ. ಭಾರ ದಾಟುತ್ತದೆ. ಸ್ಪ್ರಿಂಗನ್ನು ಎರಡರಷ್ಟು ಗಟ್ಟಿ ಮಾಡಿದರೂ ದಾಟುವ ಭಾರ ಹೆಚ್ಚುಕಡಿಮೆ ಅಷ್ಟೇ. ಮೈ ವಾಲುವುದು ಕಡಿಮೆಯಾಗುತ್ತದೆ, ಟೈರಿನ ಮೇಲೆ ಬೀಳುವುದು ಕಡಿಮೆಯಾಗುವುದಿಲ್ಲ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಉಳಿಯುವುದು ಹತ್ತು ಹನ್ನೊಂದು ಕೆ.ಜಿ. ಮಾತ್ರ. ಹಿಂದಿನ ಸೀಟಿನಲ್ಲಿರುವ ಗೆಳೆಯನನ್ನು ಇಳಿಸಿದರೂ ಇಷ್ಟು ಸಿಕ್ಕೀತು.

ಹಾಗಾದರೆ ಸ್ಪ್ರಿಂಗು, ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರುಗಳ ಉಪಯೋಗವೇನು? ಆ 200 ಕೆ.ಜಿ.ಯಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನದೆಷ್ಟು ಎಂದು ಹಂಚುವುದು. ಅದು ಎಷ್ಟು ಬೇಗ ದಾಟಬೇಕೆಂದು ಹೇಳುವುದು ಡ್ಯಾಂಪರಿನ ಪಾಲು. ಕಾರಿನ ಸ್ವಭಾವವೆಲ್ಲ ಈ ಹಂಚಿಕೆಯಲ್ಲಿದೆ. ಹಿಂದಿನ ಬೀಮಿಗೆ ದಪ್ಪ ಆಂಟಿ-ರೋಲ್ ಬಾರ್ ಕಟ್ಟಿದರೆ ಭಾರದ ದಾಟು ಹಿಂದಕ್ಕೆ ಸರಿದು, ಮುಂದಿನ ಟೈರುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಮೂಗು ಹೊರಕ್ಕೆ ಜಾರುವ ಅಂಡರ್‌ಸ್ಟಿಯರ್ ತಗ್ಗುತ್ತದೆ. ಪೋಲೊದಂಥ ಕಾರಿನಲ್ಲಿ ಈ ಬದಲಾವಣೆ ಮೊದಲ ತಿರುವಿನಲ್ಲೇ ತಿಳಿಯುತ್ತದೆ, ತುಂಬ ಮುದ ಕೊಡುತ್ತದೆ. ಆದರೆ ಜುಲೈ ತಿಂಗಳ ಚಾರ್ಮಾಡಿಯಲ್ಲಿ ಇಳಿಜಾರಿನ ತಿರುವಿಗೆ ಹೊಕ್ಕು ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಅದೇ ಬಾರ್ ಹಿಂಬದಿಯನ್ನು ಕಣಿವೆಯ ಕಡೆ ತಿರುಗಿಸಲೂಬಹುದು. ಮಳೆನಾಡಿನವರು ತೀರ ದಪ್ಪದ್ದನ್ನು ಹಾಕಿಸದಿರುವುದು ಲೇಸು.

ತಗ್ಗಿಸುವ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ; ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರು ತಗ್ಗಿದ್ದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಫಲವಾಗಿ ವಾಲಿಸುವ ಸನ್ನೆಯ ಉದ್ದ ಬೆಳೆಯುತ್ತದೆ. ಕಾರು ನೆಲಕ್ಕೆ ಹತ್ತಿರ, ವಾಲುವ ಒತ್ತಡ ಮೊದಲಿಗಿಂತ ಜಾಸ್ತಿ! ಅದಕ್ಕಿಂತ ಕೆಟ್ಟದ್ದು ಬಂಪ್ ಸ್ಟಾಪ್. ಸ್ಟ್ರಟ್ಟಿನೊಳಗಿನ ಆ ರಬ್ಬರ್ ತುಂಡು ಕೊನೆಯ ತಡೆ. ತಗ್ಗಿಸಿ ಅದರ ಸನಿಹಕ್ಕೆ ತಂದ ಕಾರು ತಿರುವಿನಲ್ಲಿ ವಾಲಿದಾಗ ಇನ್ನಷ್ಟು ಸನಿಹ ಬರುತ್ತದೆ. ಗುಂಡಿ ಸಿಕ್ಕಿತೆಂದರೆ ರಬ್ಬರು ಒತ್ತಿಕೊಂಡು ಸ್ಪ್ರಿಂಗ್ ಥಟ್ಟನೆ ಕಲ್ಲಾಗುತ್ತದೆ, ಮುಂದಿನ ಟೈರಿನ ಹಿಡಿತ ಜಾರುತ್ತದೆ. ಕಾರು ಅರ್ಧ ಅಡಿ ಹೊರಕ್ಕೆ ಜಿಗಿದಂತಾಗುವುದು ಆಗಲೇ. ‘ನೋಡು, ಎಷ್ಟು ಸ್ಟಿಫ್!’ ಎಂದು ಹೊಗಳುವವರಿಗೆ ಇದೇ ಸಿಕ್ಕಿರುವುದು.

ಹಣವನ್ನು ಎಲ್ಲಿಂದ ಖರ್ಚು ಮಾಡಬೇಕು ಎಂದರೆ, ಟೈರಿನಿಂದ. ಪ್ರತಿ ಟೈರು ನೆಲವನ್ನು ಮುಟ್ಟುವುದು ಅಂಗೈಯಗಲ ಮಾತ್ರ. ಮೇಲಿನ ಎಲ್ಲ ಕಸರತ್ತೂ ಆ ನಾಲ್ಕು ಅಂಗೈಗಳಿಗಾಗಿ. ಐದಾರು ವರ್ಷ ಹಳೆಯ, ಗಟ್ಟಿಯಾದ ಟೈರಿನ ಮೇಲೆ ಕೂರಿಸಿದ ದುಬಾರಿ ಕಿಟ್ ವ್ಯರ್ಥ. ಗಾಳಿಯನ್ನೂ ತಣ್ಣಗಿರುವಾಗಲೇ ನೋಡಿ. ಎರಡು ಪಿಎಸ್‌ಐ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಆಮೇಲೆ ಬುಶ್, ಟಾಪ್ ಮೌಂಟ್, ಲಿಂಕ್ ರಾಡ್. ಇವು ಸವೆದಿದ್ದರೆ ಹೊಸದು ಹಾಕಿಸಿ; ಕಂಪನಿಯ ಮಾಮೂಲಿ ರಬ್ಬರ್ ಸಾಕು. ಎಂಜಿನ್ ಬೇಯ ಮೇಲೆ ಅಡ್ಡಲಾಗಿ ಕೂರುವ ಬಣ್ಣದ ಸ್ಟ್ರಟ್ ಬಾರ್ ಬಗ್ಗೆ ಹೇಳುವುದಾದರೆ, ಬಾನೆಟ್ ತೆಗೆದಾಗ ಚೆನ್ನಾಗಿ ಕಾಣುತ್ತದೆ.

ನಿಜವಾದ ಸೊಗಸು ಡ್ಯಾಂಪರಿನಲ್ಲಿ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಶಾಕಪ್’. ಸ್ಪ್ರಿಂಗ್ ಒಂದೇ ಇದ್ದರೆ ಕಾರು ತೂಗಿಬಿಟ್ಟ ಉಯ್ಯಾಲೆ. ಅದನ್ನು ಹಿಡಿದು ನಿಲ್ಲಿಸುವ ಕೈ ಈ ಡ್ಯಾಂಪರ್. ಕುಟುಂಬದ ಕಾರಿನ ಮೈ ಸೆಕೆಂಡಿಗೆ ಒಂದು, ಒಂದೂಕಾಲು ಸಲ ತೂಗುವಂತೆ ಸ್ಪ್ರಿಂಗ್ ಆರಿಸುತ್ತಾರೆ. ಚುರುಕು ಕಾರಿಗೆ ಒಂದೂವರೆಯಿಂದ ಎರಡು. ಹೊಸ ಸ್ಪ್ರಿಂಗ್ ಹಾಕಿ ಹಳೆಯ ಡ್ಯಾಂಪರನ್ನೇ ಉಳಿಸಿಕೊಂಡರೆ ಕೈಗೆ ಸೋಲು ಖಚಿತ. ಬಿಲ್‌ಸ್ಟೈನ್ ಕಂಪನಿ 1950ರ ದಶಕದಲ್ಲೇ ಮರ್ಸಿಡಿಸ್ ಕಾರುಗಳಿಗೆ ಒಂದೇ ಕೊಳವೆಯ, ಅಧಿಕ ಒತ್ತಡದ ಗ್ಯಾಸ್ ತುಂಬಿದ ಡ್ಯಾಂಪರ್ ಕೊಟ್ಟಿತು. ಸತತ ಬಳಕೆಯಲ್ಲಿ ಎಣ್ಣೆ ಬಿಸಿಯಾಗಿ ನೊರೆಗಟ್ಟಿ ಹಿಡಿತ ತಪ್ಪುವುದನ್ನು ತಡೆಯುವುದು ಅದರ ಗುಟ್ಟು. ಉದ್ದನೆಯ ಘಾಟಿಯ ಕೊನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆ ಕಂಪನಿಯ ಹಳದಿ ಡ್ಯಾಂಪರುಗಳಲ್ಲಿ ಬಿ6 ಮೂಲ ಎತ್ತರದ ಕಾರಿಗೆ, ಗಿಡ್ಡನೆಯ ಬಿ8 ತಗ್ಗಿಸಿದ ಕಾರಿಗೆ. ನಮ್ಮ ಹಂಪುಗಳ ನಾಡಿನಲ್ಲಿ ಮೂಲ ಸ್ಪ್ರಿಂಗಿನೊಂದಿಗೆ ಬಿ6 ತರಹದ ಒಳ್ಳೆಯ ಡ್ಯಾಂಪರ್ ಹಾಕಿಸಿ ನಿಲ್ಲಿಸಿಬಿಡಬಹುದು ಎಂಬುದು ನನ್ನ ಪಕ್ಷಪಾತ. ಎತ್ತರ ಬದಲಿಸಬಲ್ಲ ಕಾಯಿಲ್‌ಓವರ್‌ಗಳಲ್ಲಿ ಅಗ್ಗದ್ದಂತೂ ಬೇಡವೇ ಬೇಡ.

ಮೆದು ಸ್ಪ್ರಿಂಗಿಗೆ ಮರ್ಯಾದೆ ಕೊಡುವುದು ಹೊಸ ವಿಚಾರವೇನಲ್ಲ. ಕಾಲಿನ್ ಚಾಪ್‌ಮನ್ ಕಟ್ಟಿದ 1962ರ ಲೋಟಸ್ ಎಲಾನ್ ಹಗುರ ಮೈ, ಮೆದು ಸ್ಪ್ರಿಂಗ್, ನುರಿತ ಡ್ಯಾಂಪಿಂಗ್‌ನಿಂದಲೇ ಇಂಗ್ಲೆಂಡಿನ ಹಳ್ಳಿ ದಾರಿಗಳಲ್ಲಿ ಹೆಸರು ಮಾಡಿತು. 1989ರ ಮಾಜ್ದಾ ಎಂಎಕ್ಸ್-5 ತಿರುವಿನಲ್ಲಿ ಕಣ್ಣಿಗೆ ಕಾಣುವಷ್ಟು ವಾಲುತ್ತದೆ. ಆ ವಾಲುವಿಕೆಯೇ ಇನ್ನೆಷ್ಟು ಹಿಡಿತ ಉಳಿದಿದೆ ಎಂದು ಚಾಲಕನಿಗೆ ಮುಂಚಿತವಾಗಿ ಹೇಳುತ್ತದೆ. ವಾಲದ ಕಾರು ಹೇಳದೆಯೇ ಜಾರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ, ಅದೇ ಗಾಳಿಯೊತ್ತಡದಲ್ಲಿ ಓಡಿಸಿ ನೋಡಿ. ಟೈರು, ಬಾರು, ಸ್ಪ್ರಿಂಗು ಎಲ್ಲವನ್ನೂ ಒಂದೇ ಶನಿವಾರ ಹಾಕಿಸಿಕೊಂಡವರಿಗೆ ಯಾವುದು ಕೆಲಸ ಮಾಡಿತೆಂದು ಕೊನೆಗೂ ತಿಳಿಯುವುದಿಲ್ಲ. ಇನ್ನು ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಟುಗಳನ್ನು ತಡೆಯುತ್ತದೆ. ಕೈ ಹಾಕುವ ಮೊದಲು ಆರ್‌ಟಿಒದಲ್ಲೂ ವಿಮೆಯವರಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಮುಂದೆ ಒಂದು, ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಸಿಕ್ಕರೆ ಘಾಟಿಗೆ ಸೊಗಸು, ಟೈರು ಒಳಬದಿ ಸವೆಯುವುದೂ ಮಿತಿಯಲ್ಲಿರುತ್ತದೆ. ಅಳತೆಯ ಚೀಟಿ ಮುದ್ರಿಸಿ ಕೊಡಲು ಹೇಳಿ. ಹೊಸ ಸ್ಪ್ರಿಂಗು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಒಂದಿಷ್ಟು ಕುಳಿತುಕೊಳ್ಳುತ್ತದೆ. ಆಗ ಚೀಟಿ ಹಿಡಿದು ಮತ್ತೊಮ್ಮೆ ಅಲೈನ್‌ಮೆಂಟ್ ನೋಡಿಸಿ, ಘಾಟಿಗೆ ಹೋಗುವುದು ಆಮೇಲೆ.