ಮೇಟಿಯಿಂದ ನಾಲ್ಕು ಬೆರಳು

ರಾಶಿಯ ಕಣ ಕಂಡವರಿಗೆ ಗ್ರಹಗಳ ದಾರಿ ಹೇಳಿಕೊಡುವುದು ಸುಲಭ. ಕಲಬುರಗಿ ಜಿಲ್ಲೆಯ ಕಮಲಾಪುರದ ಸೀಮೆಯಲ್ಲಿ ಹಿಂದೆ ಜೋಳದ ರಾಶಿ ಮಾಡುವಾಗ ನಡುವೆ ಮೇಟಿ ನೆಟ್ಟು ಸುತ್ತಲೂ ಎತ್ತು ತಿರುಗಿಸುತ್ತಿದ್ದರು. ಹತ್ತು ಮೀಟರ್ ಅಗಲದ ಅಂಥದೊಂದು ಕಣವೇ ಭೂಮಿಯ ಕಕ್ಷೆ ಎಂದುಕೊಳ್ಳಿ. ಸೂರ್ಯ ಮೇಟಿಯ ಜಾಗದಲ್ಲಿಲ್ಲ. ನಾಲ್ಕು ಬೆರಳಿನಷ್ಟು, ಸುಮಾರು 8 ಸೆಂಟಿಮೀಟರ್, ಪಕ್ಕಕ್ಕೆ ಸರಿದಿದ್ದಾನೆ. ಕಣವೂ ಪೂರ್ತಿ ದುಂಡಗಿಲ್ಲ. ಆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ಅಂತರ ಒಂದೂವರೆ ಮಿಲಿಮೀಟರ್ ಸಹ ಆಗದು. ಜೋಳದ ಕಾಳೊಂದು ಅದಕ್ಕಿಂತ ದಪ್ಪ.

ಇಂಥ ಓರೆಯನ್ನು ಕಣ್ಣಿಂದ ಹಿಡಿಯಲಾಗದು, ಲೆಕ್ಕದಿಂದ ಹಿಡಿಯಬೇಕು. ಕೆಪ್ಲರ್ ಅದನ್ನು ಹಿಡಿದದ್ದು ಮಂಗಳನ ಬೆನ್ನು ಹತ್ತಿ. ಟೈಕೋ ಬ್ರಾಹೆ ಬರೆದಿಟ್ಟ ಸ್ಥಾನಗಳಿಗೂ ವೃತ್ತದ ಲೆಕ್ಕಕ್ಕೂ 8 ಕಲೆಗಳಷ್ಟು, ಎಂದರೆ ಹುಣ್ಣಿಮೆ ಚಂದ್ರನ ಬಿಂಬದ ಕಾಲುಭಾಗದಷ್ಟು, ವ್ಯತ್ಯಾಸ ಉಳಿಯಿತು. ಅಷ್ಟಕ್ಕೇ ಆತ ವರ್ಷಗಟ್ಟಲೆ ಮಾಡಿದ ಲೆಕ್ಕವನ್ನು ಬದಿಗಿಟ್ಟ. 1609ರಲ್ಲಿ ಹೊರಬಂದ ಪುಸ್ತಕದಲ್ಲಿ ವೃತ್ತದ ಜಾಗಕ್ಕೆ ದೀರ್ಘವೃತ್ತ ಬಂತು. ಗ್ರಹಗಳ ದಾರಿಗೆ ಆತ ಕೊಟ್ಟ ಮೂರು ನಿಯಮಗಳಲ್ಲಿ ಇದೇ ಮೊದಲನೆಯದು.

ಆ ಆಕೃತಿ ನಮ್ಮ ಸೀಮೆಗೆ ಹೊಸದಲ್ಲ. ಇದೇ ಕಲಬುರಗಿ ಜಿಲ್ಲೆಯ ಮಳಖೇಡದಿಂದ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ಆ ದೊರೆಯನ್ನು ಹೊಗಳಿಯೇ ‘ಗಣಿತಸಾರಸಂಗ್ರಹ’ ಆರಂಭಿಸಿದ ಮಹಾವೀರಾಚಾರ್ಯ ಒಂದು ಪ್ರಶ್ನೆ ಕೇಳಿದ್ದಾನೆ: ಉದ್ದ 36, ಅಗಲ 12 ಇರುವ ಆಯತವೃತ್ತದ ಸುತ್ತಳತೆ ಎಷ್ಟು? ಅವನ ಸೂಕ್ಷ್ಮ ಸೂತ್ರ ಹಿಡಿದು ನಡೆದರೆ 77.8 ಸಿಗುತ್ತದೆ, ಇಂದಿನ ಲೆಕ್ಕ 80.2. ಆತ ಅದನ್ನು ಆಕಾಶಕ್ಕೆ ಹಚ್ಚಲಿಲ್ಲ, ನೆಲದ ಮೇಲೆಯೇ ಅಳೆದ. ಆದರೂ ಅಷ್ಟು ಹಿಂದೆ ಅಷ್ಟು ಹತ್ತಿರ ಬಂದ ಆ ಕೈ ಎಂಥದು!

ಎರಡನೆಯ ನಿಯಮವನ್ನು ತೊಗರಿಯ ಜೊತೆ ಸವಿಯಬೇಕು. ಬಿತ್ತನೆಯ ಹದ ನಡೆದಿರುವ ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ, 15.21 ಕೋಟಿ ಕಿ.ಮೀ. ಆಗ ಅದರ ನಡಿಗೆ ಸೆಕೆಂಡಿಗೆ 29.3 ಕಿ.ಮೀ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಹೊಸ ತೊಗರಿ ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬರುವ ಜನವರಿಯ ಹೊತ್ತಿಗೆ ದೂರ 14.71 ಕೋಟಿಗೆ ಇಳಿದು, ವೇಗ 30.3ಕ್ಕೆ ಏರಿರುತ್ತದೆ. ದೂರದಲ್ಲಿ ನಿಧಾನ, ಹತ್ತಿರದಲ್ಲಿ ಅವಸರ. ಆದರೆ ಸೂರ್ಯನಿಂದ ಭೂಮಿಗೆ ಗೆರೆ ಎಳೆದರೆ, ಆ ಗೆರೆ ಜುಲೈಯ ಒಂದು ದಿನದಲ್ಲಿ ಬಳಿಯುವ ಕ್ಷೇತ್ರವೂ ಜನವರಿಯ ಒಂದು ದಿನದಲ್ಲಿ ಬಳಿಯುವ ಕ್ಷೇತ್ರವೂ ಸರಿಸಮ. ಹೆಜ್ಜೆ ಬದಲಾದರೂ ಬಾಕಿ ಉಳಿಯದ ಈ ಲೆಕ್ಕದಷ್ಟು ರುಚಿ ನನಗೆ ಮೂರರಲ್ಲಿ ಬೇರೆ ಯಾವುದರಲ್ಲೂ ಇಲ್ಲ. ಪಂಚಾಂಗ ಬಿಡಿಸಿದರೂ ಇದು ಕಾಣುತ್ತದೆ: ಮಿಥುನ ಮಾಸಕ್ಕೆ 31 ದಿನ ಮೀರಿ ಬೇಕು, ಧನುರ್ಮಾಸ 29 ದಿನ ಮೀರಿ ಕೆಲವೇ ತಾಸುಗಳಲ್ಲಿ ಮುಗಿಯುತ್ತದೆ. ಈ ಏರಿಳಿತವನ್ನು ನಮ್ಮ ಜ್ಯೋತಿರ್ಗಣಿತದವರು ಮಂದಫಲ ಎಂದು ಕೆಪ್ಲರನಿಗಿಂತ ಬಹು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಅಂದಹಾಗೆ, ಕಲಬುರಗಿಯ ಮೇ ಬಿಸಿಲಿಗೂ ಈ ದೂರಕ್ಕೂ ಸಂಬಂಧವಿಲ್ಲ. ಆಗ ಭೂಮಿ ಸೂರ್ಯನಿಂದ ದೂರ ಸರಿಯುತ್ತಲೇ ಇರುತ್ತದೆ. ಬಿಸಿಲು ಅದರ ಅಕ್ಷದ ವಾಲಿಕೆಯ ಕೊಡುಗೆ.

ಮೂರನೆಯದು 1619ರದು. ಮೊದಲೆರಡು ಒಂದೊಂದು ಗ್ರಹದ ಮಾತಾದರೆ, ಇದು ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ: ಭೂಮಿಯ ದೂರ, ಭೂಮಿಯ ವರ್ಷ ಇವೇ ಅಳತೆಗೋಲಾದರೆ ದೂರದ ಘನವೂ ಕಾಲದ ವರ್ಗವೂ ಸಮ. ಭೂಮಿಯ ದೂರವನ್ನು 1 ಎಂದಿಟ್ಟರೆ ಶನಿಯದು 9.54. ಅದರ ಘನ ಸುಮಾರು 868. ವರ್ಗಮೂಲ ತೆಗೆದರೆ ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆ, ಮೂರು ರಾಶಿಗೆ ಏಳೂವರೆ. ನಮ್ಮ ಮನೆಗಳಲ್ಲಿ ಹೆದರಿಕೆಯಿಂದ ಎಣಿಸುವ ಸಾಡೇಸಾತಿ ಇದೇ. ಶನಿಗೆ ಯಾರ ಜಾತಕವೂ ಗೊತ್ತಿಲ್ಲ. ಆ ಏಳೂವರೆ ವರ್ಷವನ್ನು ಗೊತ್ತುಮಾಡಿದ್ದು ಸೂರ್ಯನಿಂದ ಅವನಿಗಿರುವ ದೂರ.